ಇಟಲಿಗೆ ಹನಿಮೂನ್: ಹನ್ನೊಂದು ರಾತ್ರಿಯಲ್ಲಿ ಎಷ್ಟು ಊರು, ಯಾವ ಕಡಲತೀರ?

ದಾವಣಗೆರೆ_ಹುಡುಗ:

ಎಲ್ಲರಿಗೂ ನಮಸ್ಕಾರ. ಶ್ರಾವಣದಲ್ಲಿ ನನ್ನ ಮದುವೆ. ಸೆಪ್ಟೆಂಬರ್ ಕೊನೆಯಲ್ಲಿ ಹನಿಮೂನ್‌ಗೆ ಇಟಲಿ ಅಂತ ಇಬ್ಬರೂ ಕೂತು ಮಾತಾಡಿ ಗಟ್ಟಿ ಮಾಡಿಕೊಂಡಿದ್ದೇವೆ. ರಜೆ ಎಲ್ಲಾ ಕೂಡಿಸಿದರೆ ಅಲ್ಲಿ ಹನ್ನೊಂದು ರಾತ್ರಿ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಆಗಲ್ಲ. ಮೊದಲ ದೀಪಾವಳಿಗೆ ಅತ್ತೆ ಮನೆಯಲ್ಲಿ ಇರಲೇಬೇಕಲ್ವಾ, ಅದಕ್ಕೂ ರಜೆ ಉಳಿಸಿಕೊಳ್ಳಬೇಕು.

ಸದ್ಯಕ್ಕೆ ಹಾಕಿರುವ ಪ್ಲಾನ್ ಇದು. ಮಿಲಾನ್ 1 ರಾತ್ರಿ, ವೆನಿಸ್ 2, ಫ್ಲಾರೆನ್ಸ್ 2, ಅಲ್ಲಿಂದ ಪೀಸಾ ನೋಡಿಕೊಂಡು ಚಿಂಕ್ವೆ ತೆರ್ರೆ 1, ರೋಮ್ 2, ನೇಪಲ್ಸ್ 1, ಕಾಪ್ರಿ 1, ಪೊಸಿತಾನೊ 1. ವಿಮಾನದ ಟಿಕೆಟ್ ಬಿಟ್ಟು ನಾಲ್ಕು ಲಕ್ಷದಲ್ಲಿ ಮುಗಿಸಬೇಕು ಅಂತ ಇದೆ. ಇಬ್ಬರೂ ಶುದ್ಧ ಸಸ್ಯಾಹಾರಿಗಳು. ನಾನು ಮೊಟ್ಟೆ ಹಾಕಿದ ಕೇಕ್ ತಿನ್ನುತ್ತೇನೆ, ಅವಳು ಅದನ್ನೂ ಮುಟ್ಟುವುದಿಲ್ಲ. ಟ್ರಾವೆಲ್ಸ್‌ನವರ ಪ್ಯಾಕೇಜ್ ಬೇಡ. ನಲವತ್ತು ಜನರ ಬಸ್ಸಲ್ಲಿ ಕೂತು ಹನಿಮೂನ್ ಮಾಡುವುದು ನಮ್ಮಿಬ್ಬರಿಗೂ ಇಷ್ಟ ಇಲ್ಲ. ಹೋಗಿ ಬಂದವರು, ಅಲ್ಲೇ ಇರುವವರು ಈ ಪ್ಲಾನ್ ನೋಡಿ ಏನನ್ನಿಸುತ್ತದೆ ಅಂತ ಬಿಚ್ಚಿ ಹೇಳಿ.

ಹಾಸನದಿಂದ_ಟೊರಿನೊ:

ಶುಭವಾಗಲಿ ತಮ್ಮಾ. ನಾನು ಟೊರಿನೊದಲ್ಲಿ ಇದ್ದೇನೆ. ಊರಿಂದ ಬರುವ ನೆಂಟರಿಗೆಲ್ಲಾ ಪ್ಲಾನ್ ಹಾಕಿಕೊಡುವುದು ನಾನೇ. ಅದಕ್ಕೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹನ್ನೊಂದು ರಾತ್ರಿಗೆ ನೀನು ಎಂಟು ಹೋಟೆಲ್ ಹಾಕಿದ್ದೀಯ. ಹೋಟೆಲ್ ಬದಲಾಯಿಸುವ ದಿನ ಅಂದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ರೂಮ್ ಖಾಲಿ ಮಾಡಬೇಕು, ಮುಂದಿನ ಊರಲ್ಲಿ ಮಧ್ಯಾಹ್ನ ಎರಡು ಮೂರರ ತನಕ ರೂಮ್ ಕೊಡಲ್ಲ, ನಡುವೆ ಸೂಟ್‌ಕೇಸ್ ಎಳೆದುಕೊಂಡು ಸ್ಟೇಷನ್ನು, ಪ್ಲಾಟ್‌ಫಾರ್ಮು. ಮದುವೆಯ ಓಡಾಟ ಮುಗಿಸಿ ಸುಸ್ತಾಗಿ ಬಂದಿರುತ್ತೀರಿ. ಇಬ್ಬರೂ ನೆಮ್ಮದಿಯಾಗಿ ತಡವಾಗಿ ಎದ್ದು ಕಾಫಿ ಕುಡಿಯುವ ಬೆಳಗು ಒಂದೂ ಈ ಪ್ಲಾನಲ್ಲಿ ಇಲ್ಲ.

ನನ್ನ ಪ್ರಕಾರ ನಾಲ್ಕು ಕಡೆ ಸಾಕು. ಮೂರು ಊರು, ಒಂದು ಕಡಲತೀರ. ಮಿಲಾನ್ ತೆಗೆದುಬಿಡು. ನಾನು ಆ ಕಡೆಯವಳೇ ಆಗಿ ಹೇಳುತ್ತಿದ್ದೇನೆ, ಮೊದಲ ಸಲ ಬರುವವರಿಗೆ ಒಂದು ರಾತ್ರಿಯಲ್ಲಿ ಆ ಊರು ಏನನ್ನೂ ಬಿಟ್ಟುಕೊಡುವುದಿಲ್ಲ. ಬೆಂಗಳೂರಿಂದ ಇಟಲಿಗೆ ನೇರ ವಿಮಾನ ಇಲ್ಲ, ದುಬೈಯೋ ದೋಹಾನೋ ಫ್ರಾಂಕ್‌ಫರ್ಟೋ ಎಲ್ಲಾದರೂ ಒಂದು ಕಡೆ ಇಳಿದೇ ಬರಬೇಕು. ಹಾಗಿದ್ದ ಮೇಲೆ ವೆನಿಸ್‌ಗೇ ಬಂದು ಇಳಿ, ರೋಮ್‌ನಿಂದ ಹೊರಡು. ಟಿಕೆಟ್ ಹುಡುಕುವಾಗ ಹೋಗುವ ಊರು ಬೇರೆ, ಬರುವ ಊರು ಬೇರೆ ಅಂತ ಹಾಕಿ ನೋಡು. ಎಷ್ಟೋ ಸಲ ದರದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆಗ ಬಂದ ದಾರಿಯಲ್ಲೇ ವಾಪಸ್ ಹೋಗುವ ಕೆಲಸ ಇರಲ್ಲ.

ರೈಲು ಬಗ್ಗೆ ಚಿಂತೆ ಬೇಡ. ವೆನಿಸ್‌ನಿಂದ ಫ್ಲಾರೆನ್ಸ್ ಎರಡೂಕಾಲು ಗಂಟೆ, ಫ್ಲಾರೆನ್ಸ್‌ನಿಂದ ರೋಮ್ ಒಂದೂವರೆ ಗಂಟೆ. ಫ್ರೆಚ್ಚರೋಸ್ಸಾ ಅಂತ ಸರ್ಕಾರಿ ಕಂಪನಿಯ ಗಾಡಿ, ಇತಾಲೊ ಅಂತ ಖಾಸಗಿ ಗಾಡಿ, ಎರಡೂ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡುತ್ತವೆ.

ಬಿಡದಿ_ಬ್ಯಾಕ್‌ಪ್ಯಾಕರ್:

ಅಕ್ಕ ಹೇಳಿದ್ದು ಸರಿ. ನಾನು ಒಂದೇ ಒಂದು ಸೇರಿಸುತ್ತೇನೆ. ವೆನಿಸ್‌ನಲ್ಲಿ ದುಡ್ಡು ಉಳಿಸಬೇಕಾದರೆ ಮೆಸ್ತ್ರೆಯಲ್ಲಿ ಉಳಿದುಕೊಳ್ಳಿ. ಸೇತುವೆಯ ಈಚೆ, ನೆಲದ ಮೇಲಿರುವ ಊರು. ವೆನಿಸ್‌ಗೆ ರೈಲಲ್ಲಿ ಹತ್ತೇ ನಿಮಿಷ. ರೂಮ್ ಬಾಡಿಗೆ ಎಷ್ಟೋ ಕಡಿಮೆ.

ಹಾಸನದಿಂದ_ಟೊರಿನೊ:

ಬಿಡದಿಯವರೇ, ಒಬ್ಬರೇ ಸುತ್ತುವವರಿಗೆ ನಿಮ್ಮ ಮಾತು ಒಪ್ಪುತ್ತೇನೆ. ಹನಿಮೂನ್‌ಗೆ ಮಾತ್ರ ಒಪ್ಪಲ್ಲ. ವೆನಿಸ್ ಚೆನ್ನಾಗಿರುವುದೇ ಸಂಜೆ ಏಳರ ಮೇಲೆ ಮತ್ತು ಬೆಳಿಗ್ಗೆ ಎಂಟರ ಒಳಗೆ. ಹಗಲಿಗೆ ಬಂದು ಹೋಗುವ ಜನ ಎಲ್ಲಾ ರೈಲು ಹತ್ತಿದ ಮೇಲೆ ಆ ಗಲ್ಲಿಗಳಲ್ಲಿ ನಿಮ್ಮ ಹೆಜ್ಜೆ ಸದ್ದು ನಿಮಗೇ ಕೇಳುತ್ತದೆ. ಆ ಹೊತ್ತಲ್ಲಿ ಮೆಸ್ತ್ರೆಯ ರೈಲಿಗೆ ಓಡುವುದಾದರೆ ಅಷ್ಟು ದೂರ ಬಂದು ಏನು ಬಂತು? ಕಾನಾರೆಜೊ ಅಥವಾ ದೊರ್ಸೊದೂರೊ ಕಡೆ ಚಿಕ್ಕ ಹೋಟೆಲ್ ಹುಡುಕಿ. ಸಾನ್ ಮಾರ್ಕೊ ಚೌಕದ ಸುತ್ತ ಇರುವಷ್ಟು ಬಾಡಿಗೆ ಇರಲ್ಲ. ಮತ್ತೆ ಬುಕ್ ಮಾಡುವಾಗ ಸ್ಟೇಷನ್ನಿಂದಲೋ ವಾಪೊರೆತ್ತೊ (ಊರಿನ ಪ್ರಯಾಣಿಕರ ದೋಣಿ) ನಿಲ್ದಾಣದಿಂದಲೋ ಹೋಟೆಲ್‌ಗೆ ಎಷ್ಟು ಸೇತುವೆ ದಾಟಬೇಕು ಅಂತ ಮ್ಯಾಪಲ್ಲಿ ಎಣಿಸಿಕೊಳ್ಳಿ. ಅಲ್ಲಿ ಕಾರಿಲ್ಲ, ಆಟೋ ಇಲ್ಲ. ಒಂದೊಂದು ಸೇತುವೆಗೂ ಮೆಟ್ಟಿಲು ಹತ್ತಿ ಇಳಿಯಬೇಕು, ಸೂಟ್‌ಕೇಸ್ ಕೈಯಲ್ಲೇ ಎತ್ತಬೇಕು.

ಗೊಂಡೊಲಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಊರಾಡಳಿತ ನಿಗದಿ ಮಾಡಿರುವ ದರ ಹಗಲು ಅರ್ಧ ಗಂಟೆಗೆ 90 ಯೂರೋ, ಸಂಜೆ ಏಳರ ಮೇಲೆ 110. ಅದು ಇಡೀ ದೋಣಿಗೆ, ತಲೆಗಲ್ಲ. ಹತ್ತುವ ಮುಂಚೆ ಯಾವ ಕಾಲುವೆಯಲ್ಲಿ ಕರೆದುಕೊಂಡು ಹೋಗುತ್ತೀರಿ ಅಂತ ಕೇಳಿ. ದೊಡ್ಡ ಕಾಲುವೆಯಲ್ಲಿ ಮೋಟಾರು ದೋಣಿಗಳ ಅಲೆಗೆ ಕುಲುಕಾಡುವುದೇ ಜಾಸ್ತಿ, ಹಿಂದಿನ ಸಣ್ಣ ಕಾಲುವೆಗಳೇ ಚೆಂದ. ಅಷ್ಟು ದುಡ್ಡು ಬೇಡ ಅನ್ನಿಸಿದರೆ ರಾತ್ರಿ ಹತ್ತರ ಸುಮಾರಿಗೆ 1ನೇ ನಂಬರ್ ವಾಪೊರೆತ್ತೊ ಹತ್ತಿ. ಅದು ಊರಿನ ಬಸ್ಸು ಇದ್ದ ಹಾಗೆ, ನೀರಿನ ಮೇಲೆ ಓಡುತ್ತದೆ ಅಷ್ಟೇ. ಹೊರಗಿನ ಸೀಟು ಸಿಕ್ಕರೆ ಕೂತುಬಿಡಿ. ದೊಡ್ಡ ಕಾಲುವೆಯ ಉದ್ದಕ್ಕೂ ಹಳೇ ಅರಮನೆಗಳ ಮೇಲಿನ ಮಹಡಿಯಲ್ಲಿ ದೀಪ ಹಚ್ಚಿರುತ್ತಾರೆ, ಬಣ್ಣ ಹಾಕಿದ ಮರದ ತೊಲೆಗಳಿರುವ ಚಾವಣಿ ಕೆಳಗಿನಿಂದಲೇ ಕಾಣುತ್ತದೆ. ನನಗೆ ಗೊಂಡೊಲಾಗಿಂತ ಇದೇ ಇಷ್ಟ.

ಕುಡ್ಲದ_ಹುಡುಗಿ:

ಕಡಲತೀರಕ್ಕೆ ನನ್ನ ವೋಟು ಚಿಂಕ್ವೆ ತೆರ್ರೆಗೆ. ನಾವು ಹನಿಮೂನ್‌ಗೆ ಹೋಗಿದ್ದೇ ಅಲ್ಲಿಗೆ. ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದ ನನಗೂ ಅಲ್ಲಿನ ಕಡಲು ಹೊಸದಾಗಿ ಕಂಡಿತು. ರಿಯೊಮಜೋರೆ, ಮನರೋಲಾ, ಕೊರ್ನೀಲಿಯಾ, ವೆರ್ನಾತ್ಸಾ, ಮೊಂತೆರೋಸ್ಸೊ, ಒಟ್ಟು ಐದು ಹಳ್ಳಿ. ಗುಡ್ಡದ ಇಳಿಜಾರನ್ನು ಗಾರೆ ಇಲ್ಲದ ಕಲ್ಲುಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿ ದ್ರಾಕ್ಷಿ ಬೆಳೆಯುತ್ತಾರೆ. ನೂರಾರು ವರ್ಷದಿಂದ ಆ ಗೋಡೆಗಳನ್ನು ಕೈಯಲ್ಲೇ ಎತ್ತಿ ನಿಲ್ಲಿಸಿಕೊಂಡು ಬಂದಿದ್ದಾರೆ. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ.

ಅನುಕೂಲ ಏನೆಂದರೆ ಎಲ್ಲಾ ರೈಲು. ಲಾ ಸ್ಪೆಟ್ಸಿಯಾಗೆ ಬಂದರೆ ಅಲ್ಲಿಂದ ಹಳ್ಳಿ ಹಳ್ಳಿಗೂ ಕೆಲವೇ ನಿಮಿಷ. ತಿರುವಿನ ರಸ್ತೆ ಇಲ್ಲ, ಬಸ್ಸಿಗೆ ಕಾಯುವುದಿಲ್ಲ. ರಿಯೊಮಜೋರೆಯಿಂದ ಮನರೋಲಾಗೆ ಬಂಡೆ ಕೊರೆದು ಮಾಡಿದ ಕಾಲುದಾರಿ ಇದೆ, ಪ್ರೇಮಿಗಳ ದಾರಿ ಅಂತಲೇ ಅದರ ಹೆಸರು. 2012ರಲ್ಲಿ ಕಲ್ಲು ಕುಸಿದು ಮುಚ್ಚಿದ್ದರು, 2024ರಲ್ಲಿ ಮತ್ತೆ ತೆರೆದರು. ಈಗ ಮುಂಚೆ ಟಿಕೆಟ್ ಮಾಡಿಸಿ ಹೋಗಬೇಕು. ಮನರೋಲಾದಲ್ಲಿ ಸೂರ್ಯ ಮುಳುಗುವುದನ್ನು ನೋಡಿ. ಈಜಬೇಕು ಅಂದರೆ ಮೊಂತೆರೋಸ್ಸೊದಲ್ಲಿ ಉಳಿದುಕೊಳ್ಳಿ, ಸರಿಯಾದ ಮರಳಿನ ಬೀಚು ಇರುವುದು ಅಲ್ಲೇ. ಕೊರ್ನೀಲಿಯಾದಲ್ಲಿ ಮಾತ್ರ ರೂಮ್ ಮಾಡಬೇಡಿ. ಊರು ಗುಡ್ಡದ ಮೇಲಿದೆ, ಸ್ಟೇಷನ್ನಿಂದ 382 ಮೆಟ್ಟಿಲು. ಮಿನಿಬಸ್ ಇದೆ, ಆದರೆ ಅದು ಯಾವಾಗಲೂ ತುಂಬಿರುತ್ತದೆ.

ಆದರೆ ಒಂದು ರಾತ್ರಿಗೆ ಅಂತ ಹೋಗಬೇಡಿ, ದಯವಿಟ್ಟು. ಹಗಲೆಲ್ಲಾ ಜನಜಂಗುಳಿ. ಅಲ್ಲಿನ ಸುಖ ಇರುವುದು ಸಂಜೆ ಮತ್ತು ಬೆಳಿಗ್ಗೆ. ಮೂರು ರಾತ್ರಿ ಆದರೂ ಬೇಕು.

ದಾವಣಗೆರೆ_ಹುಡುಗ:

ಅಕ್ಕಂದಿರಿಬ್ಬರಿಗೂ ಥ್ಯಾಂಕ್ಸ್. ಎಂಟು ಹೋಟೆಲ್ ಅಂತ ನಾನು ಎಣಿಸಿಯೇ ಇರಲಿಲ್ಲ. ಮಿಲಾನ್, ಪೀಸಾ, ನೇಪಲ್ಸ್ ತೆಗೆದೆ. ಈಗ ಚಿಂಕ್ವೆ ತೆರ್ರೆಯೋ ಪೊಸಿತಾನೊ ಇರುವ ಅಮಾಲ್ಫಿ ಕಡೆಯೋ ಅನ್ನುವುದು ಉಳಿದಿದೆ. ಅವಳಿಗೆ ಈ ಚರ್ಚೆಯ ಲಿಂಕ್ ಕಳಿಸಿದ್ದೇನೆ, ಅವಳೇ ಬರೆಯುತ್ತಾಳಂತೆ.

ಇಳಕಲ್_ಸೆರಗು:

ನಮಸ್ಕಾರ, ಇವರು ಹೇಳುತ್ತಿರುವ ಹುಡುಗಿ ನಾನೇ. ನನ್ನ ಕಡೆಯಿಂದ ಮೂರು ಮಾತು. ಮೊದಲನೆಯದು, ನನಗೆ ಘಾಟಿ ರಸ್ತೆ ಅಂದರೆ ಆಗುವುದಿಲ್ಲ. ಆಗುಂಬೆ ಇಳಿಯುವಷ್ಟರಲ್ಲಿ ವಾಂತಿ ಶುರು. ಅಮಾಲ್ಫಿ ರಸ್ತೆಯ ವಿಡಿಯೋ ನೋಡಿ ಅಲ್ಲಿಗೆ ಬೇಡ ಅಂತ ನಾನೇ ಹೇಳಿದ್ದೆ. ಆದರೆ ಆಸೆ ಇರುವುದು ಅಲ್ಲಿಗೇ, ನಿಂಬೆ ತೋಟ, ಕಡಲಿನ ಮೇಲೆ ಚಾಚಿಕೊಂಡಿರುವ ಆ ಊರುಗಳು. ಎರಡನೆಯದು, ಮ್ಯೂಸಿಯಂ ಜಾಸ್ತಿ ಬೇಡ. ಒಂದು ಊರಿಗೆ ಒಂದು ಸಾಕು, ಅದನ್ನು ಸರಿಯಾಗಿ ನೋಡೋಣ. ಮೂರನೆಯದು, ಎಲ್ಲಾದರೂ ಒಂದು ಕಡೆ ನಮ್ಮಜ್ಜಿ ಕೊಟ್ಟ ಇಳಕಲ್ ಸೀರೆ ಉಟ್ಟುಕೊಂಡು ಫೋಟೋ ತೆಗೆಸಿಕೊಳ್ಳಬೇಕು. ಜಾಗ ನೀವೇ ಹೇಳಿ.

ಹಾಸನದಿಂದ_ಟೊರಿನೊ:

ಬಾ ತಂಗೀ. ನಿನ್ನ ತೊಂದರೆಗೆ ದಾರಿ ಇದೆ. ಅಮಾಲ್ಫಿ ಕಡೆಗೆ ಎಲ್ಲರೂ ಹೋಗುವುದು ನೇಪಲ್ಸ್‌ಗೆ ಹೋಗಿ, ಅಲ್ಲಿಂದ ಲೋಕಲ್ ರೈಲಲ್ಲಿ ಸೊರೆಂಟೊ, ಅಲ್ಲಿಂದ ಬಸ್ಸು. ಆ ಬಸ್ಸಿನ ದಾರಿಯೇ ನೀನು ವಿಡಿಯೋದಲ್ಲಿ ನೋಡಿದ್ದು. ಅದನ್ನು ಬಿಟ್ಟು ಸಲೆರ್ನೊ ಕಡೆಯಿಂದ ಹೋಗಿ. ಫ್ಲಾರೆನ್ಸ್‌ನಿಂದ ಸಲೆರ್ನೊಗೆ ನೇರ ಫಾಸ್ಟ್ ರೈಲು ಇದೆ, ಮೂರೂವರೆ ನಾಲ್ಕು ಗಂಟೆ. ಸ್ಟೇಷನ್ನಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಪಿಯಾತ್ಸಾ ದೆಲ್ಲಾ ಕೊಂಕೋರ್ದಿಯಾ ಅನ್ನುವ ದೋಣಿ ಕಟ್ಟೆ. ಅಲ್ಲಿಂದ ಅಮಾಲ್ಫಿಗೆ ದೊಡ್ಡ ಪ್ರಯಾಣಿಕರ ದೋಣಿಯಲ್ಲಿ ಸುಮಾರು 35 ನಿಮಿಷ. ಮೇಲಿನ ಡೆಕ್ಕಲ್ಲಿ ಗಾಳಿಗೆ ಮುಖ ಕೊಟ್ಟು ಕೂತುಕೋ. ಚೆತಾರಾ, ಮಯೋರಿ, ಮಿನೋರಿ ಅಂತ ಒಂದೊಂದೇ ಊರು ಬಲಗಡೆ ಕಾಣುತ್ತಾ ಬರುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ಈ ದೋಣಿಗಳು ಓಡುತ್ತವೆ, ಸೆಪ್ಟೆಂಬರ್ ಕೊನೆಗೆ ಏನೂ ತೊಂದರೆ ಇಲ್ಲ, ನೀರೂ ಇನ್ನೂ ಬೆಚ್ಚಗೇ ಇರುತ್ತದೆ.

ಒಂದೇ ಎಚ್ಚರಿಕೆ. ಕಡಲು ಜೋರಾಗಿದ್ದರೆ ದೋಣಿ ನಿಲ್ಲಿಸುತ್ತಾರೆ. ಅದಕ್ಕೇ ಕಡಲತೀರವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ವೆನಿಸ್, ಫ್ಲಾರೆನ್ಸ್, ಅಮಾಲ್ಫಿ, ಆಮೇಲೆ ರೋಮ್. ರೋಮ್ ದಾಟಿ ಹೋಗಿ ಮತ್ತೆ ರೋಮ್‌ಗೆ ಬರುವುದು ಮ್ಯಾಪಲ್ಲಿ ವಿಚಿತ್ರವಾಗಿ ಕಾಣಬಹುದು. ಆದರೆ ಸಲೆರ್ನೊದಿಂದ ರೋಮ್‌ಗೆ ಎರಡು ಗಂಟೆ ಅಷ್ಟೇ. ದೋಣಿ ನಿಂತು ಒಂದು ದಿನ ಹೆಚ್ಚುಕಡಿಮೆ ಆದರೂ ವಿಮಾನ ತಪ್ಪುವ ಭಯ ಇರಲ್ಲ. ಹೊರಡುವ ದಿನ ತೆರ್ಮಿನಿ ಸ್ಟೇಷನ್ನಿಂದ ಏರ್‌ಪೋರ್ಟಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ಸಲ್ಲಿ 32 ನಿಮಿಷ, ಒಬ್ಬರಿಗೆ 14 ಯೂರೋ.

ಪೊಸಿತಾನೊದಲ್ಲೇ ಉಳಿಯಬೇಕು ಅಂತ ಹಟ ಬೇಡ. ಬಾಡಿಗೆ ವಿಪರೀತ, ಮತ್ತೆ ಊರೆಲ್ಲಾ ಮೆಟ್ಟಿಲು. ಮಿನೋರಿ ಅಥವಾ ಅತ್ರಾನಿ ನೋಡಿ. ಅತ್ರಾನಿ ವಿಸ್ತೀರ್ಣದಲ್ಲಿ ಇಡೀ ಇಟಲಿಯಲ್ಲೇ ಅತಿ ಚಿಕ್ಕ ಆಡಳಿತ ಊರು, ಅಮಾಲ್ಫಿಗೆ ನಡೆದು ಹತ್ತು ನಿಮಿಷ. ಸಂಜೆ ಚೌಕದಲ್ಲಿ ಮಕ್ಕಳು ಫುಟ್‌ಬಾಲ್ ಆಡುತ್ತಿರುತ್ತಾರೆ, ಕಮಾನಿನ ಕೆಳಗೆ ದಾಟಿದರೆ ಬೀಚು. ಪೊಸಿತಾನೊಗೆ ಒಂದು ದಿನ ದೋಣಿಯಲ್ಲಿ ಹೋಗಿ ಬನ್ನಿ. ಆ ಊರು ನೋಡಬೇಕಾದದ್ದೇ ನೀರಿನ ಮೇಲಿಂದ. ಅಲ್ಲಿ ಬೀಚಲ್ಲಿ ಮರಳಿಲ್ಲ, ಬೆಣಚುಕಲ್ಲು, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ಕುರ್ಚಿ ಛತ್ರಿ ಹಾಕಿದ ಜಾಗಕ್ಕೆ ದುಡ್ಡು ಕೊಡಬೇಕು, ಪಕ್ಕದಲ್ಲಿ ಪುಕ್ಕಟೆ ಜಾಗವೂ ಸ್ವಲ್ಪ ಇರುತ್ತದೆ.

ಸೀರೆಗೆ ಜಾಗ ರವೆಲ್ಲೊ, ಎರಡು ಮಾತಿಲ್ಲ. ಅಮಾಲ್ಫಿಯಿಂದ ಮೇಲೆ ಗುಡ್ಡದಲ್ಲಿದೆ. ಬಸ್ಸಲ್ಲಿ ಸುಮಾರು ಅರ್ಧ ಗಂಟೆ ತಿರುವು ತಪ್ಪಿದ್ದಲ್ಲ. ಮುಂದಿನ ಸೀಟಲ್ಲಿ ಕೂತುಕೋ, ಖಾಲಿ ಹೊಟ್ಟೆಯಲ್ಲಿ ಹತ್ತಬೇಡ. ವಿಲ್ಲಾ ಚಿಂಬ್ರೋನೆ ಅಂತ ತೋಟ ಇದೆ. ಅದರ ತುದಿಯಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಸಾಲಾಗಿ ಅಮೃತಶಿಲೆಯ ಅರ್ಧ ಪ್ರತಿಮೆಗಳು, ಮಳೆ ಗಾಳಿಗೆ ಕೆಲವುದರ ಮೂಗು ಸವೆದಿದೆ. ಅದರಾಚೆ ಬರೀ ಕಡಲು ಆಕಾಶ. ತೋಟ ತೆರೆದ ಕೂಡಲೇ ಹೋಗಿಬಿಡಿ, ಆಗ ಜನ ಕಡಿಮೆ. ಹತ್ತಿರದ ವಿಲ್ಲಾ ರುಫೋಲೊ ಕೂಡ ಚೆಂದ. ಜರ್ಮನ್ ಸಂಗೀತಗಾರ ವಾಗ್ನರ್ 1880ರಲ್ಲಿ ಆ ತೋಟ ನೋಡಿ ತನ್ನ ಒಪೆರಾದ ಮಾಯಾ ತೋಟ ಇಲ್ಲೇ ಸಿಕ್ಕಿತು ಅಂದನಂತೆ. ಇಳಿಯುವಾಗ ಬಸ್ಸು ಬಿಟ್ಟು ಮೆಟ್ಟಿಲ ದಾರಿಯಲ್ಲಿ ಮಿನೋರಿಗೋ ಅತ್ರಾನಿಗೋ ನಡೆದು ಬನ್ನಿ. ಅದಕ್ಕೆ ಸೀರೆ ಬದಲಾಯಿಸಿ ಶೂ ಹಾಕಿಕೋ. ಎರಡೂ ಕಡೆ ನಿಂಬೆ ತೋಟ, ಚೆಸ್ಟ್‌ನಟ್ ಮರದ ಗಳುಗಳ ಚಪ್ಪರ, ಮೇಲೆ ಕಪ್ಪು ಬಲೆ ಹೊದಿಸಿರುತ್ತಾರೆ. ಅಲ್ಲಿನ ನಿಂಬೆ ಅಂಗೈ ತುಂಬುವಷ್ಟು ದೊಡ್ಡದು, ಸಿಪ್ಪೆ ದಪ್ಪ, ಸಿಪ್ಪೆ ಸಮೇತ ಹೆಚ್ಚಿ ಸಕ್ಕರೆ ಉದುರಿಸಿಕೊಂಡು ತಿನ್ನುತ್ತಾರೆ.

ಕುಡ್ಲದ_ಹುಡುಗಿ:

ಸಲೆರ್ನೊ ದಾರಿ ನನಗೂ ಗೊತ್ತಿರಲಿಲ್ಲ. ಆಸೆ ಅಮಾಲ್ಫಿ ಮೇಲೆ ಇದ್ದರೆ ಅಲ್ಲಿಗೇ ಹೋಗಿ, ನನ್ನ ವೋಟು ವಾಪಸ್ ತೆಗೆದುಕೊಂಡೆ. ಎರಡೂ ಮಾಡುತ್ತೇವೆ ಅಂತ ಮಾತ್ರ ಹೊರಡಬೇಡಿ.

ಫ್ಲಾರೆನ್ಸ್‌ಗೆ ಒಂದು ಸಲಹೆ. ಒಂದೇ ಮ್ಯೂಸಿಯಂ ಅಂದರೆ ಎಲ್ಲರೂ ಉಫಿತ್ಸಿ ಅನ್ನುತ್ತಾರೆ. ಅದು ಬಲು ದೊಡ್ಡದು, ಅರ್ಧ ದಿನ ಬೇಕು. ಮಿಕೆಲಾಂಜೆಲೊನ ದಾವೀದ ಇರುವ ಅಕಾದೆಮಿಯಾ ಚಿಕ್ಕದು. ಆ ಮೂರ್ತಿ ಐದು ಮೀಟರಿಗಿಂತ ಎತ್ತರ. ಬಲಗೈಯ ಹಿಂಭಾಗದಲ್ಲಿ ನರ ಉಬ್ಬಿರುವುದನ್ನು ಹತ್ತಿರದಿಂದ ನೋಡಿ, ಕಲ್ಲು ಅನ್ನಿಸುವುದಿಲ್ಲ. ಎರಡಕ್ಕೂ ಸೋಮವಾರ ರಜೆ. ಸಮಯ ಉಳಿದರೆ ಸಾನ್ ಮಾರ್ಕೊ ಮಠಕ್ಕೆ ಹೋಗಿ. ಅಲ್ಲಿ ಸನ್ಯಾಸಿಗಳ ಒಂದೊಂದು ಕೋಣೆಯ ಗೋಡೆಗೂ ಫ್ರಾ ಆಂಜೆಲಿಕೊ ಮತ್ತು ಅವನ ಜೊತೆಯವರು ಚಿತ್ರ ಬರೆದಿದ್ದಾರೆ, ಗದ್ದಲ ಇರುವುದಿಲ್ಲ. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಒಳಗೆ ಚಿತ್ರ ಬರೆದ ಆಂತೊನಿಯೊ ಮೊಸ್ಕೇನಿಯೂ ಇಟಲಿಯವರೇ, ಬೆರ್ಗಾಮೊ ಕಡೆಯವರು. 1899ರಿಂದ 1901ರ ತನಕ ಮಂಗಳೂರಲ್ಲಿ ಕೂತು ಬರೆದರು. ಆ ಗೋಡೆಗಳನ್ನು ನೋಡಿಕೊಂಡೇ ಬೆಳೆದವಳು ನಾನು, ಸಾನ್ ಮಾರ್ಕೊದಲ್ಲಿ ಮೆಟ್ಟಿಲು ಹತ್ತಿದ ಕೂಡಲೇ ಎದುರಿಗೆ ಕಾಣುವ ದೇವದೂತನ ಚಿತ್ರದ ಮುಂದೆ ತುಂಬಾ ಹೊತ್ತು ನಿಂತುಬಿಟ್ಟೆ. ಸಂಜೆಗೆ ಪಿಯಾತ್ಸಾಲೆ ಮಿಕೆಲಾಂಜೆಲೊ ಗುಡ್ಡಕ್ಕೆ ಹೋಗಿ, ಊರೂ ನದಿಯೂ ಕೆಳಗೆ ಕಾಣುತ್ತವೆ.

ಹುಬ್ಬಳ್ಳಿ_ಮಂದಿ:

ಊಟದ ವಿಷಯ ಯಾರೂ ಎತ್ತಲಿಲ್ಲವಲ್ರೀ. ನಾವೂ ಮೊಟ್ಟೆ ಮುಟ್ಟದ ಮಂದಿ, ಇಟಲಿಯಲ್ಲಿ ಉಪವಾಸ ಬೀಳಲಿಲ್ಲ. ತಿಳಕೊಂಡು ತಿನ್ನಬೇಕು ಅಷ್ಟೇ.

ಪಾಸ್ತಾ ಎರಡು ತರ. ಒಣ ಪಾಸ್ತಾ, ಅಂದರೆ ಸ್ಪಗೆಟ್ಟಿ, ಪೆನ್ನೆ ಇವು ಗೋಧಿ ರವೆ ಮತ್ತು ನೀರು ಮಾತ್ರ. ತಾಜಾ ಪಾಸ್ತಾ, ಅಂದರೆ ತಾಲ್ಯಾತೆಲ್ಲೆ, ಪಪ್ಪರ್ದೆಲ್ಲೆ ಇಂಥವಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಫ್ಲಾರೆನ್ಸ್ ಕಡೆ ಇದನ್ನು ಕೇಳಿಯೇ ಆರ್ಡರ್ ಮಾಡಿ. ಕೇಳುವುದಕ್ಕೆ ನಾಚಿಕೆ ಬೇಡ. ಯುರೋಪಿನ ಕಾನೂನಿನ ಪ್ರಕಾರ ಹೋಟೆಲಿನವರು 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು, ಅದರಲ್ಲಿ ಮೊಟ್ಟೆಯೂ ಒಂದು. ಮೆನುವಿನಲ್ಲಿ ತಿಂಡಿಯ ಪಕ್ಕ ಸಣ್ಣ ಅಂಕಿಗಳು ಇರುತ್ತವೆ, ಅವೇ. ತಿರಮಿಸು ಅನ್ನುವ ಸಿಹಿಯಲ್ಲಿ ಹಸಿ ಮೊಟ್ಟೆ ಇರುತ್ತದೆ, ಮೇಡಂಗೆ ಬೇಡ. ಜೆಲಾತೊ (ಅಲ್ಲಿನ ಐಸ್‌ಕ್ರೀಮ್) ಅಂಗಡಿಯಲ್ಲಿ ಕ್ರೀಮ್ ಬಗೆ ಬಿಟ್ಟು ಹಣ್ಣಿನ ಸೊರ್ಬೆತ್ತೊ ತಗೊಳ್ಳಿ. ನಿಂಬೆಯದು ಅಮಾಲ್ಫಿಯಲ್ಲಿ ತಿಂದರೆ ಬೇರೆ ಕಡೆ ತಿನ್ನುವ ಮನಸ್ಸಾಗಲ್ಲ.

ಇನ್ನೊಂದು, ಚೀಸು. ಪರ್ಮಿಜಾನೊ ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ. ಪೆಕೊರೀನೊ ರೊಮಾನೊಗೆ ಕುರಿಮರಿಯದು. ಅದೂ ಬೇಡ ಅನ್ನುವವರು ಮರಿನಾರಾ ಪಿಜ್ಜಾ ತಿನ್ನಬಹುದು. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ, ಚೀಸೇ ಇರಲ್ಲ. ಬೆಳ್ಳುಳ್ಳಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ಸ್ಪಗೆಟ್ಟಿಯೂ ಎಲ್ಲಾ ಕಡೆ ಸಿಗುತ್ತದೆ, ನಮ್ಮ ನಾಲಿಗೆಗೆ ಹೊಂದುತ್ತದೆ. ಫ್ಲಾರೆನ್ಸ್‌ನಲ್ಲಿ ರಿಬೊಲ್ಲೀತಾ ಅಂತ ಸೊಪ್ಪು, ಬಿಳಿ ಬೀನ್ಸ್ ಕಾಳು, ಹಳೇ ಬ್ರೆಡ್ಡು ಹಾಕಿ ಕುದಿಸಿದ ಗಟ್ಟಿ ಸಾರು ಇದೆ. ಮಾಂಸದ ಸಾರಲ್ಲಿ ಬೇಯಿಸಿದ್ದಾರಾ ಅಂತ ಒಂದು ಮಾತು ಕೇಳಿ. ಹೇಳಬೇಕಾದದ್ದು ಇಷ್ಟು: ಸೆಂಟ್ಸಾ ಕಾರ್ನೆ, ಸೆಂಟ್ಸಾ ಪೇಶೆ, ಸೆಂಟ್ಸಾ ಉಓವಾ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ರಾತ್ರಿ ಊಟಕ್ಕೆ ಏಳು ಏಳೂವರೆಗೆ ಮುಂಚೆ ಬಾಗಿಲು ತೆರೆಯುವುದು ಕಡಿಮೆ. ಬಿಲ್ಲಲ್ಲಿ ಕೊಪೆರ್ತೊ ಅಂತ ತಲೆಗೆ ಎರಡು ಮೂರು ಯೂರೋ ಸೇರಿಸುತ್ತಾರೆ, ಅದು ಮೋಸ ಅಲ್ಲ, ಅಲ್ಲಿನ ಪದ್ಧತಿ. ಕಾಫಿ ನಿಂತುಕೊಂಡೇ ಕುಡಿದರೆ ಅಗ್ಗ.

ಹಾಸನದಿಂದ_ಟೊರಿನೊ:

ಊಟದ ವಿಷಯ ಪೂರ್ತಿ ಸರಿಯಾಗಿ ಹೇಳಿದಿರಿ. ರೋಮ್‌ನಲ್ಲಿ ಅನ್ನ ಸಾರು ನೆನಪಾದರೆ ತೆರ್ಮಿನಿ ಹತ್ತಿರ ಎಸ್ಕ್ವಿಲೀನೊ ಮಾರುಕಟ್ಟೆ ಕಡೆ ಹೋಗಿ. ನಮ್ಮ ಕಡೆಯ ಬೇಳೆ, ಮಸಾಲೆ, ಕೊತ್ತಂಬರಿ ಎಲ್ಲಾ ಅಲ್ಲಿ ಸಿಗುತ್ತದೆ, ಸುತ್ತಮುತ್ತ ಭಾರತ, ಬಾಂಗ್ಲಾ ಕಡೆಯ ಹೋಟೆಲ್‌ಗಳೂ ಇವೆ.

ಜಯನಗರ_4ನೇ_ಬ್ಲಾಕ್:

ವೀಸಾ ಬಗ್ಗೆ ನಾನು ಹೇಳುತ್ತೇನೆ, ಈಗಲೇ ಕೈ ಹಾಕಬೇಕಾದ ಕೆಲಸ ಅದು. ಇಟಲಿಗೆ ಬೇಕಾದದ್ದು ಶೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆ ಅಂದರೆ 15 ದಿನ ಮುಂಚೆ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ, ಕೆಲವು ಸಲ 45 ದಿನದ ತನಕ ಎಳೆಯಬಹುದು. ಶುಲ್ಕ ಒಬ್ಬರಿಗೆ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಚಾರ್ಜು ಬೇರೆ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದ ಒಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ನಿಮ್ಮ ಮದುವೆ ಶ್ರಾವಣದಲ್ಲಿ ಅಂದಿರಿ. ಮದುವೆ ಆಗುವ ತನಕ ಕಾಯಬೇಡಿ. ಜೂನ್‌ನಲ್ಲೇ ಅರ್ಜಿ ಹಾಕಿ. ಇಬ್ಬರೂ ಬೇರೆ ಬೇರೆ ಅರ್ಜಿ, ಅವರವರ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ. ಲಗ್ನಪತ್ರಿಕೆ ಅಚ್ಚಾಗಿದ್ದರೆ ಪತ್ರದ ಜೊತೆ ಅದರ ಪ್ರತಿಯನ್ನೂ ಇಡಿ. ಮೇಡಂ, ಮದುವೆ ನೆಪದಲ್ಲಿ ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಾಯಿಸಲು ಈಗ ಹೋಗಬೇಡಿ. ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟ್ ಮೂರರಲ್ಲೂ ಹೆಸರು ಒಂದೇ ಇರಬೇಕು. ಹೆಸರಿನ ಕೆಲಸ ವಾಪಸ್ ಬಂದು ಮಾಡಿಕೊಳ್ಳಿ.

ಇನ್ನೊಂದು ವಿಷಯ ಮದುಮಕ್ಕಳಿಗೆ ಯಾರೂ ಹೇಳುವುದಿಲ್ಲ. ಬೆರಳಚ್ಚು ಕೊಡುವ ದಿನ ಬೆರಳ ತುದಿಯಲ್ಲಿ ಮೆಹಂದಿ ಇರಬಾರದು. ಗೆಳತಿಯರ ಮದುವೆ, ನಿಶ್ಚಿತಾರ್ಥ ಅಂತ ಕೈ ತುಂಬಾ ಹಾಕಿಸಿಕೊಂಡು ಹೋದರೆ ಮಷಿನ್ನು ಗೆರೆ ಹಿಡಿಯದೆ ಇನ್ನೊಂದು ದಿನ ಬನ್ನಿ ಅನ್ನಬಹುದು. ಇಟಲಿಗೆ ಇಳಿದಾಗಲೂ ಬೆರಳಚ್ಚು ಇದೆ, ಮುಖದ ಫೋಟೋ ಇದೆ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಮುದ್ರೆ ಒತ್ತುವ ಬದಲು ಈ ಹೊಸ ವ್ಯವಸ್ಥೆ ಶುರು ಮಾಡಿದ್ದಾರೆ. ಸಾಲು ಉದ್ದ ಆಗಬಹುದು, ಇಳಿದ ಕೂಡಲೇ ರೈಲು ಹಿಡಿಯುವ ಹಾಗೆ ಟಿಕೆಟ್ ಮಾಡಬೇಡಿ.

ಇಳಕಲ್_ಸೆರಗು:

ಮೆಹಂದಿ ವಿಷಯ ಹೇಳಿದ್ದಕ್ಕೆ ತುಂಬಾ ಉಪಕಾರ ಆಯಿತು ಸರ್. ಜೂನ್‌ನಲ್ಲಿ ಅಕ್ಕನ ಮಗಳ ನಾಮಕರಣ ಇದೆ, ಎರಡೂ ಕೈಗೆ ಹಾಕಿಸಿಕೊಳ್ಳುವ ಯೋಚನೆಯಲ್ಲಿದ್ದೆ.

ಸಾಗರ_ಸೀಮೆ:

ರೋಮ್‌ಗೆ ಮೂರು ರಾತ್ರಿ ಇಟ್ಟುಕೊಂಡರೆ ಒಂದು ಜಾಗ ಸೇರಿಸಿಕೊಳ್ಳಿ. ಯಾವ ಟೂರಿನವರೂ ತೋರಿಸುವುದಿಲ್ಲ, ನಮ್ಮ ಕಡೆಯವರಿಗೆ ಮಾತ್ರ ಅದರ ಬೆಲೆ ಗೊತ್ತು. ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ ರೋಮ್‌ನ ಶ್ರೀಮಂತ ಮನೆತನದವನು 1623ರಲ್ಲಿ ಗೋವಾದಿಂದ ಹೊರಟು, ಹೊನ್ನಾವರದಲ್ಲಿ ಇಳಿದು, ಗೇರುಸೊಪ್ಪೆ ಘಟ್ಟ ಹತ್ತಿ, ನಮ್ಮ ಇಕ್ಕೇರಿಗೆ ಬಂದಿದ್ದ. ಆಗ ಕೆಳದಿ ವೆಂಕಟಪ್ಪ ನಾಯಕರ ಆಳ್ವಿಕೆ. ಇಕ್ಕೇರಿಯ ಬೀದಿ, ಜನ, ಉತ್ಸವ ಎಲ್ಲವನ್ನೂ ಪತ್ರಗಳಲ್ಲಿ ಬರೆದಿಟ್ಟಿದ್ದಾನೆ. ಮುಂದೆ ಕರಾವಳಿಗೆ ಇಳಿದು ಉಳ್ಳಾಲದ ರಾಣಿಯನ್ನೂ ಕಂಡಿದ್ದ.

ಅವನ ಕಥೆಯಲ್ಲಿ ಇನ್ನೊಂದು ಇದೆ. ಬಾಗ್ದಾದ್‌ನಲ್ಲಿ ಮಾನಿ ಅನ್ನುವ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. ಪರ್ಷಿಯಾದಲ್ಲಿ ಜ್ವರ ಬಂದು 1621ರ ಕೊನೆಯಲ್ಲಿ ಅವಳು ತೀರಿಕೊಂಡಳು. ಅಲ್ಲೇ ಮಣ್ಣು ಮಾಡಲು ಅವನ ಮನಸ್ಸು ಒಪ್ಪಲಿಲ್ಲ. ಶವ ಕೆಡದ ಹಾಗೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗು ಹತ್ತಿಸಿ ಹಿಂದೂಸ್ತಾನಕ್ಕೆ ತಂದ. ಇಲ್ಲಿಂದ ವಾಪಸ್ ಹೋಗುವಾಗಲೂ ಜೊತೆಗೇ ಒಯ್ದ. ಕೊನೆಗೆ ರೋಮ್‌ನ ಸಾಂತಾ ಮರಿಯಾ ಇನ್ ಅರಾಚೇಲಿ ಚರ್ಚಿನಲ್ಲಿ ತನ್ನ ಮನೆತನದ ಜಾಗದಲ್ಲಿ ಅವಳನ್ನು ಮಣ್ಣು ಮಾಡಿದ. ಕಾಂಪಿದೋಲ್ಯೊ ಚೌಕದ ಪಕ್ಕದಲ್ಲೇ ಇದೆ ಆ ಚರ್ಚು, ಎದುರಿಗೆ 124 ಮೆಟ್ಟಿಲು. ಹನಿಮೂನ್‌ಗೆ ಹೋಗುವವರಿಗೆ ಇದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಆದರೆ ಗಂಡ ಹೆಂಡತಿಯ ಪ್ರೀತಿ ಅಂದರೆ ನನಗೆ ರೋಮ್‌ನಲ್ಲಿ ನೆನಪಾಗುವುದು ಇದೇ, ಸುಮ್ನೆ ಕಾರಂಜಿಗೆ ಕಾಸು ಹಾಕುವುದಲ್ಲ.

ಸಂಜೆಗೆ ಅವೆಂತೀನೊ ಗುಡ್ಡದ ಕಿತ್ತಳೆ ತೋಟಕ್ಕೆ ಹೋಗಿ. ಪುಕ್ಕಟೆ. ಸೂರ್ಯ ಇಳಿಯುವಾಗ ಇಡೀ ಊರು ಕಾಣುತ್ತದೆ. ಅಲ್ಲೇ ಮುಂದೆ ಒಂದು ಹಸಿರು ಬಾಗಿಲಿನ ಬೀಗದ ತೂತಿಗೆ ಕಣ್ಣಿಟ್ಟರೆ ಗಿಡಗಳ ಓಣಿಯ ತುದಿಯಲ್ಲಿ ಸರಿಯಾಗಿ ಸಂತ ಪೀಟರ್ ಚರ್ಚಿನ ಗುಮ್ಮಟ ಕೂತಿರುತ್ತದೆ. ಮ್ಯೂಸಿಯಂ ಒಂದೇ ಅಂದರೆ ಬೊರ್ಗೇಸೆ. ಎರಡು ಗಂಟೆಯ ಸ್ಲಾಟು, ಮುಂಚೆ ಬುಕ್ ಮಾಡದೆ ಬಿಡುವುದಿಲ್ಲ. ಬೆರ್ನೀನಿ ಕೆತ್ತಿದ, ಗ್ರೀಕ್ ಕಥೆಯಲ್ಲಿ ಮರವಾಗಿಬಿಡುವ ಹುಡುಗಿ ದಾಫ್ನೆಯ ಬೆರಳುಗಳು ಎಲೆಯಾಗಿ ಬಿರಿಯುವುದನ್ನು ಹಿಂದಿನಿಂದ ಸುತ್ತಿ ಬಂದು ನೋಡಿ. ಚರ್ಚುಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಲಿ.

ದಾವಣಗೆರೆ_ಹುಡುಗ:

ಸಾಗರದವರೇ, ನಿಮ್ಮ ಬರಹ ಓದಿ ಅವಳು ಫೋನ್ ಮಾಡಿದಳು. ಆ ಚರ್ಚಿಗೆ ಹೋಗಿಯೇ ಬರುತ್ತೇವೆ.

ಈಗ ನಮ್ಮ ಪ್ಲಾನ್ ಹೀಗೆ. ವೆನಿಸ್ 3 ರಾತ್ರಿ, ಒಂದು ದಿನ ಬುರಾನೊ ದ್ವೀಪ. ಫ್ಲಾರೆನ್ಸ್ 2, ದಾವೀದ ಮತ್ತು ಸಾನ್ ಮಾರ್ಕೊ. ರೈಲಲ್ಲಿ ಸಲೆರ್ನೊ, ದೋಣಿಯಲ್ಲಿ ಹೋಗಿ ಅತ್ರಾನಿಯಲ್ಲಿ 3, ಒಂದು ದಿನ ರವೆಲ್ಲೊ, ಒಂದು ದಿನ ಪೊಸಿತಾನೊ. ಕಾಪ್ರಿ ಬಿಟ್ಟೆವು. ಕೊನೆಗೆ ರೋಮ್ 3. ನಾಲ್ಕೇ ಹೋಟೆಲ್. ಕೊನೆಯ ಪ್ರಶ್ನೆ, ಯಾವುದನ್ನು ಮೊದಲು ಬುಕ್ ಮಾಡಬೇಕು? ವೀಸಾ ಸಿಗುವ ಮುಂಚೆ ದುಡ್ಡು ಕಟ್ಟಲು ಅಪ್ಪ ಬೇಡ ಅನ್ನುತ್ತಿದ್ದಾರೆ.

ಹಾಸನದಿಂದ_ಟೊರಿನೊ:

ಈಗ ಸರಿಯಾಯಿತು ನೋಡು ತಮ್ಮಾ. ಅಪ್ಪ ಹೇಳುವುದರಲ್ಲಿ ಅರ್ಥ ಇದೆ. ಹೋಟೆಲ್ ನಾಲ್ಕನ್ನೂ ಈಗಲೇ ಹಿಡಿ, ಆದರೆ ಬಂದ ಮೇಲೆ ದುಡ್ಡು ಕೊಡುವ, ಬೇಡ ಅಂದರೆ ರದ್ದು ಮಾಡಬಹುದಾದ ರೂಮ್‌ಗಳನ್ನೇ ಹಿಡಿ. ಅತ್ರಾನಿಯಲ್ಲಿ ರೂಮ್‌ಗಳೇ ಕಡಿಮೆ, ಅದನ್ನು ಇವತ್ತೇ ನೋಡು. ಅರ್ಜಿಗೆ ಆ ಬುಕಿಂಗ್ ಪ್ರತಿ ಸಾಕಾಗುತ್ತದೆ. ವಿಮಾನಕ್ಕೂ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಟಿಕೆಟ್ ಸಿಕ್ಕರೆ ಸ್ವಲ್ಪ ಜಾಸ್ತಿ ಆದರೂ ಅದೇ ತಗೋ. ರೈಲು ಟಿಕೆಟ್ ವೀಸಾ ಕೈಗೆ ಬಂದ ದಿನವೇ ಮಾಡಿಬಿಡು. ಅಗ್ಗದ ಟಿಕೆಟ್‌ಗಳು ಮೊದಲು ಖಾಲಿಯಾಗುತ್ತವೆ, ತಡ ಮಾಡಿದಷ್ಟೂ ದರ ಏರುತ್ತದೆ. ಕೊಲೋಸಿಯಂ ಟಿಕೆಟ್ 30 ದಿನ ಮುಂಚೆ ಮಾತ್ರ ಬಿಡುತ್ತಾರೆ, ಟಿಕೆಟ್ ಮೇಲೆ ನಿಮ್ಮ ಹೆಸರು ಇರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು. ಪ್ರತಿ ಹೋಟೆಲಲ್ಲೂ ಊರಿನ ತೆರಿಗೆ ಅಂತ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಬೇರೆ ಕೇಳುತ್ತಾರೆ, ಅದಕ್ಕೆ ಸ್ವಲ್ಪ ನಗದು ಕೈಯಲ್ಲಿರಲಿ. ದೋಣಿ ಟಿಕೆಟ್ ಮುಂಚೆ ಮಾಡಬೇಡ, ಹಿಂದಿನ ದಿನ ಹವಾಮಾನ ನೋಡಿಕೊಂಡು ಮಾಡಿದರೆ ಸಾಕು. ಅತ್ರಾನಿಯ ರೂಮ್ ಎಷ್ಟನೇ ಮೆಟ್ಟಿಲಲ್ಲಿದೆ ಅಂತ ಮಾಲೀಕರಿಗೆ ಮೆಸೇಜ್ ಹಾಕಿ ಕೇಳುವುದು ಮರೆಯಬೇಡ. ಲಿಂಕ್‌ಗಳನ್ನು ಇಲ್ಲಿ ಹಾಕಿದರೆ ನಾನೇ ಒಂದು ಸಲ ನೋಡಿ ಹೇಳುತ್ತೇನೆ.